ಲಿನಕ್ಸಲ್ಲಿ ಸೌಂಡ್ ಬರ್ತಿಲ್ಲ, ಡ್ರೈವರ್ ಎಲ್ಲಿ ಸಿಗುತ್ತೆ?

ಪ್ರಶ್ನೆ: ಸರ್, ಮನೇಲಿದ್ದ ಹಳೇ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮಿಂಟ್ 22 ಹಾಕ್ದೆ. ವೈಫೈ, ಪ್ರಿಂಟರ್ ಎಲ್ಲಾ ತಾನಾಗೇ ಬಂತು, ಸೌಂಡ್ ಮಾತ್ರ ಇಲ್ಲ. ಮಾನಿಟರ್‌ಗೆ ಎಚ್‌ಡಿಎಂಐ ಕೇಬಲ್, ಸ್ಪೀಕರ್ ಹಿಂದುಗಡೆ ಹಸಿರು ಪಿನ್‌ಗೆ ಹಾಕಿದೀನಿ. ವಿಂಡೋಸಲ್ಲಿ ಇದೇ ಸ್ಪೀಕರ್ ಚೆನ್ನಾಗೇ ಇತ್ತು. ರಿಯಲ್‌ಟೆಕ್ ಡ್ರೈವರ್ ಹುಡುಕಿ ಸಾಕಾಯ್ತು, ವಾಪಸ್ ವಿಂಡೋಸ್ ಹಾಕ್ಲಾ?
– ಓದುಗರು, ದಾವಣಗೆರೆ

ಉತ್ತರ: ಡ್ರೈವರ್ ಹುಡುಕೋದು ಮೊದ್ಲು ಬಿಡಿ. ಲಿನಕ್ಸಲ್ಲಿ ಸೌಂಡ್ ಡ್ರೈವರ್‌ಗಳು ಅಲ್ಸಾ ಅಂತ ಕರ್ನಲ್ (ಲಿನಕ್ಸಿನ ತಿರುಳು) ಒಳಗೇ ಇರ್ತವೆ, 2003ರ ಕೊನೇಲಿ 2.6 ಕರ್ನಲ್ ಬಂದಾಗಿಂದ ಹಿಂಗೇ, ಹಳೇ ಬೋರ್ಡ್‌ನ ರಿಯಲ್‌ಟೆಕ್ ಚಿಪ್ ಅದಕ್ಕೆ ಗೊತ್ತಿಲ್ದೆ ಇರೋದು ತುಂಬಾ ಅಪರೂಪ. ಸೌಂಡ್ ಕಾರ್ಡ್ ಸಿಕ್ಕಿದ್ಯಾ ಇಲ್ವಾ ಅಂತ ಮಾತ್ರ ಖಾತ್ರಿ ಮಾಡ್ಕೊಳಿ: ಟರ್ಮಿನಲಲ್ಲಿ ಎಪ್ಲೇ (aplay) ಅಂತ ಟೈಪ್ ಮಾಡಿ ಸ್ಪೇಸ್ ಬಿಟ್ಟು ಹೈಫನ್, ಸಣ್ಣಕ್ಷರದ ಎಲ್ ಹಾಕಿ ಎಂಟರ್ ಒತ್ತಿ. ಅನಲಾಗ್ (ನಿಮ್ಮ ಹಸಿರು ಪಿನ್) ಅಂತ ಒಂದು, ಎಚ್‌ಡಿಎಂಐ ಅಂತ ಒಂದೋ ಎರಡೋ ಸಾಲು ಬಂದ್ರೆ ಡ್ರೈವರ್ ವಿಷಯ ಅಲ್ಲಿಗೆ ಮುಗೀತು.

ನೀವು ಹೇಳಿದ್ದು ನೋಡಿದ್ರೆ ಸೌಂಡ್ ಮಾನಿಟರ್ ಕಡೆ ಹೋಗ್ತಿದೆ ಅನ್ಸುತ್ತೆ, ಮಾನಿಟರಲ್ಲಿ ಸ್ಪೀಕರೇ ಇಲ್ದಿದ್ರೆ ಕೇಳೋದೆಲ್ಲಿಂದ! ಪಾವುಕಂಟ್ರೋಲ್ (pavucontrol) ಅನ್ನೋ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಕೊನೇ ಟ್ಯಾಬ್ ಕಾನ್ಫಿಗರೇಶನ್, ಅಲ್ಲಿ ಪ್ರೊಫೈಲ್‌ನ ಅನಲಾಗ್ ಸ್ಟೀರಿಯೋಗೆ ಬದಲಾಯಿಸಿ. ಮಿಂಟ್ 22ರಲ್ಲಿ ಸೌಂಡ್ ನಡೆಸೋ ಪ್ರೋಗ್ರಾಮ್ ಆಗಿದ್ದ ಪಲ್ಸ್‌ಆಡಿಯೋ ಜಾಗಕ್ಕೆ ಪೈಪ್‌ವೈರ್ ಬಂದಿದೆ, ಆದ್ರೂ ಈ ಟೂಲ್ ಕೆಲ್ಸ ಮಾಡುತ್ತೆ.

ಅದಕ್ಕೂ ಬಗ್ಗಲಿಲ್ಲ ಅಂದ್ರೆ ಟರ್ಮಿನಲಲ್ಲೇ ಅಲ್ಸಾಮಿಕ್ಸರ್ (alsamixer) ಅಂತ ಟೈಪ್ ಮಾಡಿ ಓಪನ್ ಮಾಡಿ. ಶುರುಗೆ ಒಂದೇ ಒಂದು ಬಾರ್ ಕಾಣುತ್ತೆ, ಬಹಳ ಜನ ಇದನ್ನ ನೋಡಿ ಎಲ್ಲಾ ಸರಿ ಇದೆ ಅಂತ ಕ್ಲೋಸ್ ಮಾಡಿಬಿಡ್ತಾರೆ. ಎಫ್6 ಒತ್ತಿ ನಿಜವಾದ ಕಾರ್ಡ್ ಆರಿಸಿದ್ರೆ ಮಾಸ್ಟರ್, ಫ್ರಂಟ್, ಹೆಡ್‌ಫೋನ್ ಎಲ್ಲಾ ಬೇರೆ ಬೇರೆಯಾಗಿ ಬರ್ತವೆ. ಬಾರ್ ಕೆಳಗಿನ ಚೌಕದಲ್ಲಿ ಎರಡು ಎಮ್ ಇದ್ರೆ ಮ್ಯೂಟ್ ಆಗಿದೆ ಅಂತ, ಬಾಣದ ಕೀಲಿಂದ ಅಲ್ಲಿಗೆ ಹೋಗಿ ಎಮ್ ಒತ್ತಿ ತೆಗೀರಿ. ಬಲಕ್ಕೆ ಹೋದ್ರೆ ಆಟೋ ಮ್ಯೂಟ್ ಅಂತನೂ ಇರಬಹುದು, ಮುಂದುಗಡೆ ಹೆಡ್‌ಫೋನ್ ಜ್ಯಾಕ್ ಹಳೇದಾಗಿ ಏನೂ ಹಾಕದಿದ್ರೂ ಹಾಕಿದೆ ಅಂತ ತಿಳ್ಕೊಂಡು ಹಿಂದಿನ ಸ್ಪೀಕರ್ ಬಂದ್ ಮಾಡ್ತಿರುತ್ತೆ, ಅದನ್ನೂ ಡಿಸೇಬಲ್ ಮಾಡಿ ನೋಡಿ. ವಿಂಡೋಸ್ ಏನೂ ಬೇಡ.

ಪ್ರಶ್ನೆ: ನಂದು ಹೊಸ ಇಂಟೆಲ್ ಲ್ಯಾಪ್‌ಟಾಪ್, ಡೆಬಿಯನ್ 12. ಸೌಂಡ್ ಸೆಟ್ಟಿಂಗ್ಸಲ್ಲಿ ಬರೀ ಡಮ್ಮಿ ಔಟ್‌ಪುಟ್ ಅಂತ ತೋರಿಸ್ತಿದೆ.
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನಿಮ್ದು ಬೇರೆ ಕೇಸು, ಕಾರ್ಡೇ ಎದ್ದಿಲ್ಲ. ಈಗಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸೌಂಡ್‌ಗೆ ಪ್ರತ್ಯೇಕ ಡಿಎಸ್‌ಪಿ (ಸೌಂಡ್ ಕೆಲ್ಸ ನೋಡ್ಕೊಳೋ ಪ್ರೊಸೆಸರ್) ಇರುತ್ತೆ, ಅದಕ್ಕೆ ಫರ್ಮ್‌ವೇರ್, ಅಂದ್ರೆ ಅದನ್ನ ನಡೆಸೋ ಸಣ್ಣ ಪ್ರೋಗ್ರಾಮ್, ಲೋಡ್ ಆಗ್ಬೇಕು. ಪ್ಯಾಕೇಜ್ ಸಿಗೋ ಜಾಗಗಳ ಪಟ್ಟಿಗೆ ನಾನ್ ಫ್ರೀ ಫರ್ಮ್‌ವೇರ್ (non-free-firmware) ವಿಭಾಗ ಸೇರಿಸ್ಕೊಂಡು ಫರ್ಮ್‌ವೇರ್, ಎಸ್‌ಓಎಫ್, ಸೈನ್ಡ್ ಅಂತ ಮಧ್ಯೆ ಹೈಫನ್ ಇರೋ (firmware-sof-signed) ಪ್ಯಾಕೇಜ್ ಹಾಕಿ ರೀಬೂಟ್ ಮಾಡಿ. ಆಗ್ಲೂ ಬರದಿದ್ರೆ ಕರ್ನಲ್ ಹಳೇದಾಗಿರಬಹುದು, ಡೆಬಿಯನ್ 12ರ ಜೊತೆ ಬರೋದು 6.1, ಬ್ಯಾಕ್‌ಪೋರ್ಟ್ಸಿಂದ (ಇರೋ ಡೆಬಿಯನ್‌ಗೇ ಹೊಸ ಪ್ಯಾಕೇಜ್ ಕೊಡೋ ಜಾಗ) ಹೊಸದು ಹಾಕ್ಕೊಳಿ.