ಕಲ್ಯಾಣಿಯ ತಳಕ್ಕೆ ಕಾಂಕ್ರೀಟ್ ಬೇಡ

ನಮಸ್ಕಾರ. ಸಾಗರದ ಕಡೆ ನಿಮ್ಮೂರ ಪಾರ್ಕಿನಲ್ಲಿರುವ ಹಳೇ ಕಲ್ಯಾಣಿಯ ತಳಕ್ಕೆ ಕಾಂಕ್ರೀಟ್ ಹಾಕಬಹುದಾ, ಮಕ್ಕಳ ಆಟದ ಜಾಗ ಎಲ್ಲಿ ಮಾಡೋದು ಅಂತ ಕೇಳಿದ್ದೀರಿ. ಕಾಂಕ್ರೀಟ್ ದಯವಿಟ್ಟು ಬೇಡ. ನಮ್ಮ ಕಡೆಯ ಇಂಥ ಕೊಳಗಳಿಗೆ ಒರತೆಯೇ ಜೀವ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಜಂಬಿಟ್ಟಿಗೆ ಅನ್ನೋ ಕೆಂಪು ಕಲ್ಲಿನ ಸಣ್ಣ ತೂತುಗಳಲ್ಲಿ ಇಳಿದು ಕೊಳಕ್ಕೆ ಬರುತ್ತದೆ. ತಳ ಮುಚ್ಚಿದರೆ ಆ ದಾರಿಯೇ ಮುಚ್ಚಿತು.

ನಮ್ಮೂರ ಕೊಳದ ಹೂಳನ್ನು ಮಾರ್ಚಿನಲ್ಲಿ ತೆಗೆದೆವು. ಮೊದಲು ಜೆಸಿಬಿ ಇಳಿಸಿ ಮೂರು ಮೆಟ್ಟಿಲು ಕದಲಿದವು. ಆ ಬೇಜಾರು ಇನ್ನೂ ಇದೆ. ಆಮೇಲೆ ಹಾರೆ, ಬುಟ್ಟಿ ಹಿಡಿದೆವು. ಎದೆಮಟ್ಟದ ಕೆಸರು ಹೋದ ಮೇಲೆ ಮೂಲೆಯ ಎರಡು ಕಲ್ಲಿನ ಸಂದಿಯಲ್ಲಿ ಬೆರಳು ಗಾತ್ರದ ನೀರು ಬುಳುಬುಳು ಅಂತ ಬಂತು. ಕೈಯಿಟ್ಟರೆ ತಣ್ಣಗೆ ಕೊರೆಯುತ್ತಿತ್ತು. ಪಕ್ಕದಲ್ಲಿದ್ದ ಅಜ್ಜಿ ಎರಡೂ ಕೈ ಒಡ್ಡಿ ಕಣ್ಣಿಗೆ ಒತ್ತಿಕೊಂಡರು.

ಕೆಲಸ ಶುರುಮಾಡುವ ಮುಂಚೆ ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಿನ ಹತ್ತಿರದ ದೇವಗಂಗೆ ಕೊಳಗಳನ್ನು ನೋಡಿ ಬನ್ನಿ. ಕೆಳದಿ ಅರಸರ ಕಾಲದವು, ಒರತೆಯ ನೀರಿನವು. ನಿಮ್ಮ ಕಮಿಟಿಯವರನ್ನೂ ಕರೆದುಕೊಂಡು ಹೋಗಿ. ಮಾತಿಗಿಂತ ಅದು ಜಾಸ್ತಿ ಹೇಳುತ್ತದೆ.

ಜೋಕಾಲಿ, ಜಾರುಬಂಡೆ ಎಲ್ಲ ಇಳಿಜಾರಿನ ಕೆಳಗಡೆ ಇರಲಿ, ಕೊಳದ ಅಂಚಿನಿಂದ ದೂರ. ಶೌಚಾಲಯವಂತೂ ಮೇಲ್ಗಡೆ ಬೇಡವೇ ಬೇಡ, ಅದರ ನೀರು ಒರತೆಗೇ ಸೇರುತ್ತದೆ ಅಲ್ವಾ? ನಡೆಯುವ ದಾರಿಗೆ ಮಣ್ಣು ಸಾಕು, ಸುಮ್ನೆ ಇಂಟರ್‌ಲಾಕ್ ಹಾಕಿಸಬೇಡಿ. ಹೆಚ್ಚಾದ ನೀರು ಹೋಗುವ ಹಳೇ ತೂಬನ್ನು ಮಾತ್ರ ಮೇ ಮುಗಿಯುವುದರೊಳಗೆ ಹುಡುಕಿ ಬಿಡಿಸಿ.