ಪದೇ ಪದೇ ಬರುವ ಯೀಸ್ಟ್ ಇನ್ಫೆಕ್ಷನ್‌ಗೆ ಮಾತ್ರೆ ಬಿಟ್ಟು ಬೇರೆ ದಾರಿ ಇದೆಯಾ?

ಒಂದೇ ವರ್ಷದಲ್ಲಿ 4 ಸಲ ಯೋನಿಯಲ್ಲಿ ಯೀಸ್ಟ್ ಇನ್ಫೆಕ್ಷನ್ (ಫಂಗಸ್ ಸೋಂಕು) ಬಂತು, ಮಾತ್ರೆ ನುಂಗಿ ನುಂಗಿ ಸಾಕಾಗಿದೆ, ಮನೆಮದ್ದಿನಲ್ಲೇ ವಾಸಿ ಆಗುತ್ತಾ ಅಂತ ಕೇಳಿದ್ದೀರಿ. ನಿಮ್ಮ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಎರಡು ವರ್ಷ ನಾನೂ ಇದೇ ಪಾಡು ಪಟ್ಟವಳು.

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಬೆಳ್ಳುಳ್ಳಿ ಫಂಗಸ್ ಕೊಲ್ಲುತ್ತದೆ ಅಂತ ಎಲ್ಲೋ ಓದಿ, ಒಂದು ಎಸಳು ಸುಲಿದು, ರಾತ್ರಿ ಯೋನಿಯೊಳಗೆ ಇಟ್ಟುಕೊಂಡು ಮಲಗಿದೆ. ಅರ್ಧ ಗಂಟೆಯಲ್ಲಿ ಉರಿ ಶುರುವಾಯಿತು. ಎದ್ದು ತೆಗೆದು, ತಣ್ಣೀರು ಹಾಕಿಕೊಂಡು ಬಚ್ಚಲಲ್ಲೇ ಕೂತೆ. ಬೆಳಗ್ಗೆ ಮೂತ್ರ ಮಾಡುವಾಗ ಕಣ್ಣಲ್ಲಿ ನೀರು ಬಂತು. ಲ್ಯಾಬ್‌ನಲ್ಲಿ ಬೆಳ್ಳುಳ್ಳಿ ರಸ ಫಂಗಸ್ ಬೆಳೆಯದಂತೆ ತಡೆಯುವುದು ನಿಜ. ಆದರೆ ಅಲ್ಲಿನ ಚರ್ಮ ತುಂಬಾ ಮೆತ್ತಗಿರುತ್ತದೆ, ಸುಟ್ಟೇ ಹೋಗಬಹುದು. ಟೀ ಟ್ರೀ ಎಣ್ಣೆಯಿಂದಲೂ ಹೀಗೆ ಉರಿ ಬರಬಹುದು. ಮೊಸರು ತಿನ್ನಿ, ತೊಂದರೆಯಿಲ್ಲ. ಆದರೆ ಯೋನಿಯನ್ನು ಕಾಯುವ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾದ ಜಾತಿಗಳು ಸಾಮಾನ್ಯವಾಗಿ ಬೇರೆ, ಮೊಸರಿನವು ಬೇರೆ. ಅದೊಂದರಿಂದಲೇ ವಾಸಿ ಆಗುತ್ತದೆ ಅಂತ ನಂಬಿ ಕೂರಬೇಡಿ.

ನನಗೆ ದಾರಿ ಸಿಕ್ಕಿದ್ದು ಒಬ್ಬ ಡಾಕ್ಟರ್ ಸ್ವಾಬ್ (ಹತ್ತಿ ಕಡ್ಡಿಯಲ್ಲಿ ಒರೆಸಿದ ಸ್ಯಾಂಪಲ್) ತೆಗೆದು, ಯಾವ ಯೀಸ್ಟ್ ಅಂತ ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿದಾಗ. ಅಲ್ಲಿಯವರೆಗೆ ತುರಿಕೆ, ಬಿಳಿ ಹೋಗುವುದು ಅಂದ ಕೂಡಲೇ ಫ್ಲುಕೊನಜೋಲ್ ಅನ್ನುವ ಫಂಗಸ್ ಮಾತ್ರೆ ಬರೆದುಕೊಡುತ್ತಿದ್ದರು, ಅಷ್ಟೇ. ಸಾಮಾನ್ಯವಾಗಿ ಕಾಣುವುದು ಕ್ಯಾಂಡಿಡಾ ಆಲ್ಬಿಕನ್ಸ್ ಅನ್ನುವ ಯೀಸ್ಟ್. ನನ್ನ ರಿಪೋರ್ಟಿನಲ್ಲಿ ಬಂದಿದ್ದು ಗ್ಲಾಬ್ರಾಟಾ ಅನ್ನುವ ಬೇರೆ ಜಾತಿ. ಅದಕ್ಕೆ ಆ ಮಾತ್ರೆ ಹಲವು ಸಲ ಸರಿಯಾಗಿ ನಾಟುವುದಿಲ್ಲ! ಆಗ ಕೊಟ್ಟಿದ್ದು 600 ಮಿಲಿಗ್ರಾಂ ಬೋರಿಕ್ ಆಸಿಡ್ ಕ್ಯಾಪ್ಸೂಲ್, ದಿನಕ್ಕೊಂದು, 3 ವಾರ ಯೋನಿಯೊಳಗೆ ಇಡುವುದು. ಇದನ್ನು ಬಾಯಲ್ಲಿ ನುಂಗಿದರೆ ವಿಷ. ಗರ್ಭಿಣಿಯರಿಗೆ ಬೇಡವೇ ಬೇಡ. ಡಾಕ್ಟರ್ ಹೇಳದೆ ಸುಮ್ನೆ ತಂದು ಇಟ್ಟುಕೊಳ್ಳಬೇಡಿ.

ನಿಮ್ಮದು ಆಲ್ಬಿಕನ್ಸ್ ಆಗಿದ್ದರೆ ಕಥೆಯೇ ಬೇರೆ. ಮೂರು ದಿನಕ್ಕೊಂದರಂತೆ 3 ಫ್ಲುಕೊನಜೋಲ್ ಮಾತ್ರೆ, ಆಮೇಲೆ ವಾರಕ್ಕೊಂದರಂತೆ 6 ತಿಂಗಳು ಕೊಡುವ ಕ್ರಮ ಇದೆ. ಬಂದಾಗಲೆಲ್ಲ ಒಂದೊಂದು ಮಾತ್ರೆ ನುಂಗಿ ಬಿಟ್ಟರೆ ಮತ್ತೆ ಮರುಕಳಿಸಬಹುದು. ಒಮ್ಮೊಮ್ಮೆ ಅದು ಯೀಸ್ಟ್ ಆಗಿರುವುದೇ ಇಲ್ಲ. ಮೀನಿನ ಥರ ವಾಸನೆ ಇದ್ದರೆ ಬ್ಯಾಕ್ಟೀರಿಯಾದ ತೊಂದರೆ ಇರಬಹುದು, ಅದಕ್ಕೆ ಔಷಧಿಯೇ ಬೇರೆ.

ರಕ್ತದ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ. ಸಕ್ಕರೆ ಜಾಸ್ತಿ ಇದ್ದರೆ ಯೀಸ್ಟ್‌ಗೆ ಹಬ್ಬ. ಆಂಟಿಬಯಾಟಿಕ್, ಗರ್ಭನಿರೋಧಕ ಮಾತ್ರೆ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಕೆಲವು ಡಯಾಬಿಟಿಸ್ ಮಾತ್ರೆ, ಇವುಗಳಿಂದಲೂ ಬರಬಹುದು. ಏನೇನು ತಗೊಳ್ಳುತ್ತಿದ್ದೀರಿ ಅಂತ ಚೀಟಿ ಬರೆದುಕೊಂಡು ಹೋಗಿ.

ಔಷಧಿ ಇಲ್ಲದೆ ನಾನು ಬದಲಿಸಿದ್ದು ಸ್ವಲ್ಪವೇ. ಘಮಘಮ ಸೋಪು, ವಾಶ್ ಬಿಟ್ಟೆ. ಒಳಗೆ ತೊಳೆಯುವುದು ನಿಲ್ಲಿಸಿದೆ, ಹೊರಗೆ ಬರೀ ನೀರು. ಹತ್ತಿಯ ಒಳಉಡುಪು, ಬೆವರಿದರೆ ಕೂಡಲೇ ಬದಲಾವಣೆ. ಉರಿ ಕಮ್ಮಿ ಆಯಿತು. ಇನ್ಫೆಕ್ಷನ್ ಇದರಿಂದಲೇ ಹೋಯಿತು ಅಂತ ಹೇಳಲಾರೆ.

ಒಂದು ಮಾತು: ಸ್ವಾಬ್ ಕೊಡಲು ತುರಿಕೆ ಇರುವಾಗಲೇ ಹೋಗಿ, ಕ್ರೀಮ್ ಹಚ್ಚಿಕೊಂಡು ಹೋಗಬೇಡಿ. ಜ್ವರ, ಕಿಬ್ಬೊಟ್ಟೆ ನೋವು ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಇವತ್ತೇ ತೋರಿಸಿ.