ಚೈನ್‌ಲಿಂಕ್ ಬೇಲಿ ಹರಿದರೆ ಪೂರ್ತಿ ಬದಲಿಸಬೇಕಾ?

ಪ್ರಶ್ನೆ: ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ಜುಲೈ ತಿಂಗಳ ಗಾಳಿಮಳೆಗೆ ಹಿತ್ತಲಿನ ಈಶಾಡು ಮಾವಿನ ಮರದ ದೊಡ್ಡ ಕೊಂಬೆ ಮುರಿದು ಬೇಲಿ ಮೇಲೆ ಬಿತ್ತು. 5 ಅಡಿ ಎತ್ತರದ ಚೈನ್‌ಲಿಂಕ್ ಬೇಲಿ, ಹಾಕಿ 6 ವರ್ಷ ಆಗಿದೆ. ಎರಡು ಕಂಬಗಳ ನಡುವೆ ಸುಮಾರು 4 ಅಡಿ ಅಗಲಕ್ಕೆ ಜಾಲರಿ ಹರಿದು ಜೋತುಬಿದ್ದಿದೆ. ದನ ಒಳಗೆ ನುಗ್ಗುತ್ತಿವೆ. ಬೇಲಿ ಕೆಲಸದವರು ಬಂದು ನೋಡಿ, ಆ ಬದಿಯ 60 ಅಡಿಯನ್ನೂ ತೆಗೆದು ಹೊಸದು ಹಾಕಬೇಕು ಅಂದರು. ನಾನೇ ರಿಪೇರಿ ಮಾಡಿಕೊಳ್ಳಬಹುದಾ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. 4 ಅಡಿ ಹರಿದಿದ್ದಕ್ಕೆ 60 ಅಡಿ ಬಿಸಾಡುವುದು ಬೇಡ. ತದಡಿ ಬಂದರಿನಲ್ಲಿ ಬಲೆ ಹರಿದರೆ ಯಾರಾದರೂ ಇಡೀ ಬಲೆ ಎಸೆಯುತ್ತಾರಾ? ಹರಿದ ಕಣ್ಣುಗಳನ್ನು ಬಿಡಿಸಿ, ಅಷ್ಟಕ್ಕೇ ಹೊಸದಾಗಿ ಹೆಣೆಯುತ್ತಾರೆ. ಚೈನ್‌ಲಿಂಕ್ ಕೂಡ ಹಾಗೇ. ಅದಕ್ಕೆ ಬೆಸುಗೆ ಇಲ್ಲ, ಗಂಟಿಲ್ಲ. ಅದು ಹೆಣೆದ ವಸ್ತು. ಹೆಣೆದಿದ್ದನ್ನು ಬಿಚ್ಚಲೂಬಹುದು.

ಬೇಲಿ ಹತ್ತಿರ ಹೋಗಿ ಒಂದೇ ಒಂದು ತಂತಿಯನ್ನು ಬೆರಳಿನಿಂದ ಹಿಂಬಾಲಿಸಿ ನೋಡಿ. ಅದು ಕಂಬದಿಂದ ಕಂಬಕ್ಕೆ ಅಡ್ಡ ಹೋಗುವುದಿಲ್ಲ. ಮೇಲಿನ ಅಂಚಿನಿಂದ ಕೆಳಗಿನ ಅಂಚಿನ ತನಕ, ಅಂಕುಡೊಂಕಾಗಿ, ಸ್ಕ್ರೂ ಥರ ತಿರುಗುತ್ತಾ ಇಳಿಯುತ್ತದೆ. ಪ್ರತಿ ತಿರುವಿನಲ್ಲೂ ಪಕ್ಕದ ತಂತಿಯೊಳಗೆ ಸಿಕ್ಕಿಕೊಂಡಿರುತ್ತದೆ. ಇಂಥ ಒಂದು ತಂತಿಯನ್ನು ನಾನು ಇಲ್ಲಿ ಎಳೆ ಅನ್ನುತ್ತೇನೆ. ಒಂದು ಎಳೆಯನ್ನು ಸ್ಕ್ರೂ ಬಿಚ್ಚಿದ ಹಾಗೆ ತಿರುಗಿಸಿ ತೆಗೆದರೆ ಬೇಲಿ ಅಲ್ಲಿ ಎರಡಾಗಿ ಬಿಡಿಸಿಕೊಳ್ಳುತ್ತದೆ. ಅದೇ ಎಳೆಯನ್ನು ವಾಪಸ್ ತಿರುಗಿಸಿ ಇಳಿಸಿದರೆ ಮತ್ತೆ ಒಂದಾಗುತ್ತದೆ. ನಿಮ್ಮ ರಿಪೇರಿ ನಿಂತಿರುವುದು ಇದರ ಮೇಲೆ.

ಆದರೆ ಕೆಲಸಕ್ಕೆ ಇಳಿಯುವ ಮೊದಲು ಒಂದು ಪರೀಕ್ಷೆ ಮಾಡಿ. ಕೊಂಬೆ ಬೀಳದ ಜಾಗದಲ್ಲಿ, ನೆಲದ ಹತ್ತಿರ, ತಂತಿ ಹೇಗಿದೆ ನೋಡಿ. ಬೆಳ್ಳಗೆ ಪುಡಿ ಹಿಡಿದಿದ್ದರೆ ಹೆದರಬೇಡಿ. ಅದು ತಂತಿಗೆ ಹೊದಿಸಿದ ಸತು ಸವೆಯುತ್ತಿರುವ ಗುರುತು, ಒಳಗಿನ ಕಬ್ಬಿಣ ಇನ್ನೂ ಗಟ್ಟಿ ಇದೆ. ಕೆಂಪು ತುಕ್ಕು ಹಿಡಿದಿದ್ದರೆ ಇಕ್ಕಳದಿಂದ ಆ ತಂತಿಯನ್ನು ಎರಡು ಮೂರು ಸಲ ಆ ಕಡೆ ಈ ಕಡೆ ಬಗ್ಗಿಸಿ. ಪಟ್ಟಂತ ಮುರಿದರೆ, ಹಾಗೆ ಮುರಿಯುವುದು ಬೇಲಿಯ ಉದ್ದಕ್ಕೂ ಕಂಡರೆ, ನಿಮ್ಮ ಬೇಲಿ ಕೆಲಸದವರು ಹೇಳಿದ್ದೇ ಸರಿ. ತುಕ್ಕು ತಿಂದ ಜಾಲರಿಗೆ ಹೊಸ ತುಂಡು ಹೆಣೆದರೆ ಮುಂದಿನ ಮಳೆಗಾಲಕ್ಕೆ ಅದರ ಪಕ್ಕದಲ್ಲೇ ಹರಿಯುತ್ತದೆ. ತಂತಿ ಬಗ್ಗಿ ಹಾಗೇ ನಿಂತರೆ ಧೈರ್ಯವಾಗಿ ಮುಂದುವರಿಯಿರಿ.

ಅಂಗಡಿಗೆ ಹೋಗುವಾಗ ಹಳೆಯ ಜಾಲರಿಯ ಒಂದು ತುಂಡು ಕೈಯಲ್ಲಿರಲಿ. ಮೂರು ವಿಷಯ ಹೊಂದಬೇಕು: ಕಣ್ಣಿನ ಅಳತೆ, ತಂತಿಯ ಗೇಜ್, ಬೇಲಿಯ ಎತ್ತರ. ಕಣ್ಣು ಸಾಮಾನ್ಯವಾಗಿ 2 ಇಂಚು ಅಥವಾ 3 ಇಂಚು. ಗೇಜ್ ವಿಷಯದಲ್ಲಿ ತುಂಬಾ ಜನ ತಪ್ಪುತ್ತಾರೆ. ನಂಬರ್ ದೊಡ್ಡದಾದಷ್ಟೂ ತಂತಿ ತೆಳು. 8 ಗೇಜ್ ಅಂದರೆ ಸುಮಾರು 4 ಮಿಲಿಮೀಟರ್, 10 ಗೇಜ್ ಸುಮಾರು 3.25, 12 ಗೇಜ್ ಸುಮಾರು 2.6. ಕಣ್ಣು ಹೊಂದದಿದ್ದರೆ ಹೆಣೆಯಲು ಆಗುವುದೇ ಇಲ್ಲ. ಗೇಜ್ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ನಡೆಯುತ್ತದೆ, ಆದರೆ ಹಳೆಯದಕ್ಕಿಂತ ತೆಳು ಬೇಡ. ಪೂರ್ತಿ ರೋಲ್ ಕೊಳ್ಳಬೇಕಿಲ್ಲ. ತುಂಡು ಕತ್ತರಿಸಿ ಕೊಡುವ ಅಂಗಡಿ ಇದೆಯಾ ಕೇಳಿ ನೋಡಿ. ಹೊಸ ಬೇಲಿ ಹಾಕುತ್ತಿರುವ ಮನೆಯಲ್ಲಿ ಉಳಿದ ತುಂಡು ಸಿಗುವುದೂ ಉಂಟು.

ಎಷ್ಟು ಅಗಲದ ತುಂಡು ಬೇಕು ಅನ್ನುವುದನ್ನು ಟೇಪ್ ಹಿಡಿದು ಅಳೆಯಬೇಡಿ. ಜೋತುಬಿದ್ದ ಜಾಲರಿ ಎಳೆದಷ್ಟು ಬರುತ್ತದೆ, ಲೆಕ್ಕ ತಪ್ಪುತ್ತದೆ. ಎಳೆಗಳನ್ನು ಎಣಿಸಿ. ತೆಗೆದ ತುಂಡಿನಲ್ಲಿ ಎಷ್ಟು ಎಳೆ ಇತ್ತೋ ಹೊಸದರಲ್ಲೂ ಅಷ್ಟೇ ಎಳೆ ಇರಬೇಕು. ಒಂದು ಹೆಚ್ಚಾದರೂ ಕಡಿಮೆಯಾದರೂ ಕೊನೆಯಲ್ಲಿ ಕಣ್ಣಿಗೆ ಕಣ್ಣು ಕೂರುವುದಿಲ್ಲ. ಅದರ ಜೊತೆಗೆ ಎರಡು ಕಡೆಯ ಜೋಡಣೆಗೆ ಎರಡು ಬಿಡಿ ಎಳೆ ಬೇಕು.

ಇನ್ನು ಕೆಲಸ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ಎರಡು ಕಟ್ಟಿಂಗ್ ಪ್ಲೇಯರ್, ಗಟ್ಟಿ ಹಗ್ಗ, ಮತ್ತು ಜೊತೆಗೊಬ್ಬರು ಇರಲಿ. ಒಬ್ಬರೇ ಮಾಡಬೇಡಿ. ಬಿಗಿಯಲ್ಲಿರುವ ತಂತಿ ಕತ್ತರಿಸಿದ ಕೂಡಲೇ ಮುಖಕ್ಕೆ ಹಾರುತ್ತದೆ. ಕನ್ನಡಕವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಮೊದಲು ಕೊಂಬೆಯನ್ನು ಸಣ್ಣಸಣ್ಣದಾಗಿ ಕಡಿದು ಇಳಿಸಿ. ಒಂದೇ ಸಲಕ್ಕೆ ಎಳೆದರೆ ಉಳಿದ ಜಾಲರಿಯೂ ಅದರ ಜೊತೆ ಬರುತ್ತದೆ. ಆಮೇಲೆ ಹರಿದ ಜಾಗದ ಎರಡೂ ಕಡೆ, 2 ಅಡಿ ಆಚೆ, ಒಳ್ಳೆಯ ಜಾಲರಿಯ ಕಣ್ಣುಗಳೊಳಗೆ ಮೇಲಿಂದ ಕೆಳಗೆ ಒಂದೊಂದು ಕಬ್ಬಿಣದ ಸರಳು ಪೋಣಿಸಿ. ಎರಡು ಸರಳಿಗೂ ಹಗ್ಗ ಕಟ್ಟಿ ಪರಸ್ಪರ ಎಳೆದು ಬಿಗಿ ಮಾಡಿ. ಇದನ್ನು ಬಿಟ್ಟರೆ ಎಳೆ ತೆಗೆದ ತಕ್ಷಣ ಇಡೀ ಬೇಲಿ ಸಡಿಲವಾಗುತ್ತದೆ. ಆಮೇಲೆ ಅದನ್ನು ಮತ್ತೆ ಎಳೆದು ತರುವುದರಲ್ಲೇ ಒಂದು ದಿನ ಹೋಗುತ್ತದೆ.

ಈಗ ಹರಿದ ಜಾಗದ ಎಡಕ್ಕೆ, ಪೂರ್ತಿ ನೆಟ್ಟಗಿರುವ ಒಂದು ಎಳೆ ಆರಿಸಿ. ಅದರ ಮೇಲಿನ ತುದಿ ಪಕ್ಕದ ಎಳೆಯ ತುದಿಗೆ ಕೊಕ್ಕೆಯಂತೆ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಅದರ ಜೊತೆ ತಿರುಚಿರುತ್ತದೆ. ಪ್ಲೇಯರ್‌ನಿಂದ ಅದನ್ನು ನೆಟ್ಟಗೆ ಮಾಡಿ. ಕೆಳಗಿನ ತುದಿಯನ್ನೂ ಹಾಗೇ ಬಿಡಿಸಿ. ಕಂಬದಿಂದ ಕಂಬಕ್ಕೆ ಎಳೆದ ಅಡ್ಡ ತಂತಿಗೆ ಆ ಎಳೆಯನ್ನು ಕಟ್ಟಿದ್ದರೆ ಆ ಕಟ್ಟು ಕತ್ತರಿಸಿ. ಮೇಲಿನ ತುದಿ ಹಿಡಿದು ತಿರುಗಿಸುತ್ತಾ ಹೋಗಿ. ಎಳೆ ಮೇಲಕ್ಕೆ ಏರುತ್ತಾ ಬಂದು ಕೈಗೆ ಸಿಗುತ್ತದೆ. ಯಾವ ಕಡೆ ತಿರುಗಿಸಬೇಕು ಅಂತ ಮೊದಲ ಎರಡು ಸುತ್ತಿನಲ್ಲೇ ಗೊತ್ತಾಗುತ್ತದೆ. ತುಕ್ಕಿಗೆ ಕಚ್ಚಿಕೊಂಡಿದ್ದರೆ ತುಂಡುತುಂಡು ಮಾಡಿ ಎಳೆದು ತೆಗೆಯಿರಿ. ಬಲಗಡೆಯೂ ಹೀಗೇ ಮಾಡಿ. ಈಗ ಹರಿದ ತುಂಡು ಸಲೀಸಾಗಿ ಕಳಚಿ ಬರುತ್ತದೆ.

ಹೊಸ ತುಂಡನ್ನು ನಡುವೆ ನಿಲ್ಲಿಸಿ. ಬಿಡಿ ಎಳೆಯನ್ನು ಮೇಲಿನಿಂದ ಇಳಿಸಿ. ಹಳೆಯದರ ಒಂದು ಕಣ್ಣು, ಹೊಸದರ ಒಂದು ಕಣ್ಣು, ಮತ್ತೆ ಹಳೆಯದು, ಮತ್ತೆ ಹೊಸದು, ಹೀಗೆ ತಿರುಗಿಸುತ್ತಾ ಕೆಳಗಿನ ತನಕ. ಜೊತೆಗಿರುವವರು ಎರಡು ಅಂಚುಗಳನ್ನು ಹತ್ತಿರ ಹಿಡಿದಿರಬೇಕು. ಅರ್ಧದಲ್ಲಿ ಬಿಗಿಯಾಗಿ ನಿಂತರೆ ಬಲ ಹಾಕಬೇಡಿ, ಎಲ್ಲೋ ಒಂದು ಕಣ್ಣು ತಪ್ಪಿದೆ ಅಂತ ಅರ್ಥ. ಹಿಂದಕ್ಕೆ ತಿರುಗಿಸಿ ಸರಿಮಾಡಿ. ಮೊದಲ ಎಳೆಗೆ ಅರ್ಧ ಗಂಟೆ ಹಿಡಿದರೂ ಬೇಸರ ಬೇಡ. ಎರಡನೆಯದು ಹತ್ತು ನಿಮಿಷದ ಕೆಲಸ.

ಕೊನೆಗೆ ಮೇಲೆ ಕೆಳಗೆ ತುದಿಗಳನ್ನು ಮೊದಲಿದ್ದ ಹಾಗೇ ಮಡಿಚಿ. ಅಡ್ಡ ತಂತಿ ಕಡಿದಿದ್ದರೆ ಎರಡು ತುದಿಗೂ ಕುಣಿಕೆ ಮಾಡಿ, ನಡುವೆ ಅದೇ ಗೇಜಿನ ತುಂಡು ಸೇರಿಸಿ ಬಿಗಿಯಿರಿ. ಸುಮಾರು ಒಂದೂವರೆ ಅಡಿಗೆ ಒಂದರಂತೆ ಜಾಲರಿಯನ್ನು ಅಡ್ಡ ತಂತಿಗೆ ಕಟ್ಟಿ. ಆಮೇಲೆ ಹಗ್ಗ ಬಿಚ್ಚಿ, ಸರಳು ತೆಗೆಯಿರಿ. ಒಂದೆರಡು ಕಡೆ ಸ್ವಲ್ಪ ಸಡಿಲ ಉಳಿದರೆ ಆ ಎಳೆಯ ತಿರುವುಗಳನ್ನು ಪ್ಲೇಯರ್‌ನಲ್ಲಿ ಹಿಡಿದು ಒಂದಿಷ್ಟು ಒತ್ತಿ ಬಗ್ಗಿಸಿ. ತಂತಿ ಗಿಡ್ಡವಾಗಿ ಜಾಲರಿ ಬಿಗಿಯುತ್ತದೆ.

ಕಟ್ಟುವ ತಂತಿಯ ಬಗ್ಗೆ ಒತ್ತಿ ಹೇಳಬೇಕು. ಸ್ಲ್ಯಾಬ್ ಕೆಲಸಕ್ಕೆ ಬಳಸುವ ಕಪ್ಪು ಬೈಂಡಿಂಗ್ ತಂತಿ ಬೇಡವೇ ಬೇಡ. ಕುಮಟಾ ಕಡೆ ನಾನು ಮೊದಮೊದಲು ಮಾಡಿದ ಒಂದು ರಿಪೇರಿಯಲ್ಲಿ ಕೈಗೆ ಸಿಕ್ಕಿತು ಅಂತ ಅದನ್ನೇ ಹಾಕಿದ್ದೆ. ಜೂನ್‌ನ ಮಿರ್ಗ ಮಳೆಗೆ ಮುಂಚೆ ಕಟ್ಟಿದ್ದು ದೀಪಾವಳಿ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಆ ಮನೆಯವರ ತರಕಾರಿ ಹಿತ್ತಲು ದನದ ಪಾಲಾಯಿತು. ಅವತ್ತಿನಿಂದ 14 ಗೇಜಿನ ಜಿಐ (ಸತು ಹೊದಿಸಿದ ಕಬ್ಬಿಣ) ತಂತಿ ಬಿಟ್ಟು ಬೇರೆಯದನ್ನು ನಾನು ಬೇಲಿಗೆ ಕಟ್ಟಿಲ್ಲ. ಮನೆಯಲ್ಲಿ ಉಳಿದ ತಾಮ್ರದ ವೈರನ್ನೂ ಬಳಸಬೇಡಿ. ತಾಮ್ರ ತಾಗಿದ ಕಡೆ ಸತು ಬೇಗ ಸವೆಯುತ್ತದೆ.

ಕಂಬವನ್ನೂ ಒಮ್ಮೆ ಅಲುಗಾಡಿಸಿ ನೋಡಿ. ವಾಲಿದ್ದರೆ ಮೊದಲು ಕಂಬ, ಆಮೇಲೆ ಜಾಲರಿ. ಬುಡದಲ್ಲಿ 2 ಅಡಿ ಆಳಕ್ಕೆ ತೋಡಿ, ನೆಟ್ಟಗೆ ನಿಲ್ಲಿಸಿ, ಕಾಂಕ್ರೀಟ್ ಹಾಕಿ. ಮೇಲ್ಭಾಗ ನೀರು ಹರಿದು ಹೋಗುವಂತೆ ಇಳಿಜಾರಾಗಿರಲಿ. ಒಂದು ವಾರ ನೀರುಣಿಸಿ, ಅಲ್ಲಿಯ ತನಕ ಜಾಲರಿ ಎಳೆಯಬೇಡಿ.

ಪ್ರಶ್ನೆ: ಕಾರವಾರದ ಮಾಜಾಳಿ ಕಡೆ, ಸಮುದ್ರಕ್ಕೆ ಹತ್ತಿರ ನಮ್ಮ ಮನೆ. ಜಿಐ ಜಾಲರಿ ಹಾಕಿ ನಾಲ್ಕೇ ವರ್ಷಕ್ಕೆ ಅಲ್ಲಲ್ಲಿ ಕೆಂಪಾಗಿದೆ. ಆಯಿಲ್ ಪೇಂಟ್ ಹೊಡೆದೆವು, ಸಿಪ್ಪೆ ಥರ ಎದ್ದು ಬಂತು. ಮುಂದಿನ ಸಲ ಪಿವಿಸಿ ಹೊದಿಸಿದ ಹಸಿರು ಜಾಲರಿ ಹಾಕಲಾ?

ಉತ್ತರ: ಆಯಿಲ್ ಪೇಂಟ್ ಏಳುವುದು ನಿಮ್ಮ ಕೈಯ ತಪ್ಪಲ್ಲ. ಸತುವಿನ ಮೇಲೆ ಅದು ನೇರವಾಗಿ ಕಚ್ಚುವುದಿಲ್ಲ. ಪೇಂಟಿನ ಎಣ್ಣೆಗೂ ಸತುವಿಗೂ ಆಗಿಬರದೆ ನಡುವೆ ಸೋಪಿನಂಥ ಪದರ ಹುಟ್ಟುತ್ತದೆ, ಪೇಂಟ್ ಹಿಡಿತ ಬಿಡುತ್ತದೆ. ಜೊತೆಗೆ ನಿಮ್ಮಲ್ಲಿ ಉಪ್ಪು. ಮಳೆಗಾಲದಲ್ಲಿ ಮಳೆಯೇ ಬೇಲಿ ತೊಳೆಯುತ್ತದೆ. ಮಳೆ ನಿಂತ ಮೇಲೆ ಮೇ ತನಕ ಸಮುದ್ರದ ಗಾಳಿ ತಂದ ಉಪ್ಪು ತಂತಿ ಮೇಲೆ ಕೂತೇ ಇರುತ್ತದೆ, ರಾತ್ರಿಯ ಇಬ್ಬನಿಗೆ ಒದ್ದೆಯಾಗಿ ತಿನ್ನುತ್ತದೆ. ಹಾಗಾಗಿ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬಾವಿ ನೀರನ್ನು ಪೈಪಿನಲ್ಲಿ ಜೋರಾಗಿ ಬಿಟ್ಟು ತೊಳೆಯಿರಿ. ಸಿಹಿನೀರಿನ ಬಾವಿಯಾಗಿರಬೇಕು, ಉಪ್ಪುನೀರು ಬೇಡ.

ಕೆಂಪಾದ ಕಡೆ ತಂತಿ ಬ್ರಶ್‌ನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿದ ಮೇಲೆ ಸತು ಹೆಚ್ಚಿರುವ ಪ್ರೈಮರ್ ಹಚ್ಚಿ. ಬಣ್ಣವೂ ಬೇಕು ಅಂದರೆ ಉಳಿದ ಕಡೆಗೆ ಜಿಐಗೆ ಅಂತಲೇ ಬರುವ ಪ್ರೈಮರ್ ಹಚ್ಚಿ, ಅದರ ಮೇಲೆ ಬಣ್ಣ ಹೊಡೆಯಿರಿ. ತೊಳೆಯದೆ ಹಚ್ಚಿದರೆ ಉಪ್ಪನ್ನು ಒಳಗಿಟ್ಟು ಮುಚ್ಚಿದ ಹಾಗೆ, ಅಡಿಯಲ್ಲಿ ಅದರ ಕೆಲಸ ಅದು ಮಾಡುತ್ತಲೇ ಇರುತ್ತದೆ.

ಪಿವಿಸಿ ಜಾಲರಿ ಒಳ್ಳೆಯದೇ, ಆದರೆ ಎರಡು ಪ್ರಶ್ನೆ ಕೇಳಿ ಕೊಳ್ಳಿ. ಒಳಗಿನ ತಂತಿ ಎಷ್ಟು ದಪ್ಪ? ಹೊರಗಿನ ಅಳತೆ ಹೇಳಿದರೆ ಅದರಲ್ಲಿ ಪ್ಲಾಸ್ಟಿಕ್ಕೂ ಸೇರಿರುತ್ತದೆ. ಒಳಗಿನ ತಂತಿಗೆ ಸತು ಇದೆಯಾ? ಇಲ್ಲದಿದ್ದರೆ ಬೇಡ. ಒಂದು ಕಡೆ ಗೀರು ಬಿದ್ದರೆ ಉಪ್ಪುನೀರು ಪ್ಲಾಸ್ಟಿಕ್ ಅಡಿಯಲ್ಲೇ ಹರಿದು, ಹೊರಗೆ ಹಸಿರಾಗಿ ಕಂಡರೂ ಒಳಗೆ ಪುಡಿಯಾಗಿರುತ್ತದೆ. ಕತ್ತರಿಸಿದ ಪ್ರತಿ ತುದಿಗೂ ಅವತ್ತೇ ಪ್ರೈಮರ್ ಹಚ್ಚಬೇಕು. ಬರೀ ಜಿಐ ಕೊಳ್ಳುವುದಾದರೆ ಚದರ ಮೀಟರಿಗೆ ಎಷ್ಟು ಗ್ರಾಂ ಸತು ಇದೆ ಅಂತ ಕೇಳಿ. ನಿಮ್ಮಂಥ ಜಾಗಕ್ಕೆ 200 ಗ್ರಾಂ ಮೇಲ್ಪಟ್ಟದ್ದೇ ಬೇಕು. ಬೆಲೆ ಜಾಸ್ತಿ, ನಿಜ. ಆದರೆ ಕಡಲಿನ ಬದಿಯಲ್ಲಿ ಬೇಲಿಯ ಆಯುಷ್ಯ ಅಂದರೆ ಮೇಲಿನ ಸತುವಿನ ಆಯುಷ್ಯವೇ.

ಪ್ರಶ್ನೆ: ಶಿರಸಿ ಹತ್ತಿರ ಅಡಿಕೆ ತೋಟ. ಕಾಡುಹಂದಿ ಜಾಲರಿಯ ಅಡಿಯಿಂದ ಎತ್ತಿ ನುಗ್ಗುತ್ತದೆ. ಸರಿಮಾಡಿದಷ್ಟೂ ಮತ್ತೆ ಅದೇ ಗತಿ. ಬೇಲಿಗೆ ಕರೆಂಟ್ ಕೊಡಿ ಅಂತ ಕೆಲವರು ಹೇಳುತ್ತಾರೆ.

ಉತ್ತರ: ಮೊದಲು ಕರೆಂಟಿನ ಮಾತು. ಮನೆಯ ಕರೆಂಟನ್ನು ಬೇಲಿಗೆ ಕೊಡಬೇಡಿ. ಅದು ಕಾನೂನಿಗೆ ವಿರುದ್ಧ. ಹಂದಿಗಿಂತ ಮೊದಲು ಬೆಳಗಿನ ಜಾವ ಅಡಿಕೆ ಹೆಕ್ಕಲು ಬರುವ ಮನುಷ್ಯ ಸಾಯುತ್ತಾನೆ. ಇನ್ನೊಂದು ವಿಷಯ ಮೂವರಿಗೂ ಹೇಳುತ್ತೇನೆ. ಗಾಳಿಮಳೆಗೆ ಕರೆಂಟ್ ತಂತಿ ಹರಿದು ಬೇಲಿ ಮೇಲೆ ಬಿದ್ದಿದ್ದರೆ ಬೇಲಿಯ ಯಾವ ಭಾಗವನ್ನೂ ಮುಟ್ಟಬೇಡಿ, 1912ಕ್ಕೆ ಫೋನ್ ಮಾಡಿ ವಿದ್ಯುತ್ ಕಂಪನಿ ಹೆಸ್ಕಾಂನವರು ಬರುವ ತನಕ ದೂರ ಇರಿ.

ಹಂದಿಗೆ ಜಾಲರಿ ಹರಿಯುವುದು ಬೇಕಿಲ್ಲ. ಅದು ಮೂತಿ ತೂರಿಸಿ ಎತ್ತುತ್ತದೆ, ಅಷ್ಟೇ. ಹಾಗಾಗಿ ಹರಿದ ಕಣ್ಣು ಹೆಣೆಯುವುದಕ್ಕಿಂತ ಕೆಳಗಿನ ಅಂಚನ್ನು ನೆಲಕ್ಕೆ ಹಿಡಿಸುವುದು ಮುಖ್ಯ. ಕೆಳಗೆ 8 ಗೇಜಿನ ಅಡ್ಡ ತಂತಿಯನ್ನು ಚೆನ್ನಾಗಿ ಬಿಗಿದು, ಜಾಲರಿಯನ್ನು ಅರ್ಧ ಅಡಿಗೊಂದರಂತೆ ಅದಕ್ಕೆ ಕಟ್ಟಿ. ಆಮೇಲೆ 2 ಅಡಿ ಅಗಲದ ಹಳೆಯ ಜಾಲರಿ ಪಟ್ಟಿಯನ್ನು ಬೇಲಿಯ ಹೊರಬದಿಗೆ, ಹಂದಿ ಬರುವ ಕಡೆಗೆ, ನೆಲದ ಮೇಲೆ ಹಾಸಿ. ಅದರ ಒಂದು ಅಂಚನ್ನು ಬೇಲಿಗೆ ಕಟ್ಟಿ, ಇನ್ನೊಂದು ಅಂಚಿಗೆ ಗೂಟ ಹೊಡೆದು, ಮೇಲೆ ಕಲ್ಲು ಹೇರಿ. ಹಂದಿ ನಿಂತು ತೋಡುವ ಜಾಗವೇ ಜಾಲರಿಯಾದರೆ ಅದಕ್ಕೆ ಎತ್ತಲು ಅಂಚು ಸಿಗುವುದಿಲ್ಲ. ಒಳಬದಿಗೆ ಹಾಸಿದರೆ ಪ್ರಯೋಜನ ಇಲ್ಲ. ಅಂಕೋಲಾದವರು ಬದಲಿಸಿದ ಹರಿದ ತುಂಡಿನಂಥದ್ದೇ ಈ ಕೆಲಸಕ್ಕೆ ಸಾಕು, ಹೊಸದು ಕೊಳ್ಳಬೇಡಿ.

ದರಕು (ಒಣಗಿ ಬಿದ್ದ ಎಲೆ) ಮತ್ತು ಸೊಪ್ಪು ಬೇಲಿ ಬುಡದಲ್ಲಿ ರಾಶಿ ಬಿದ್ದಿದ್ದರೆ ಎಳೆದು ತೋಟಕ್ಕೆ ಹಾಕಿ. ನಿಮ್ಮಲ್ಲಿ ಉಪ್ಪಿನ ಗಾಳಿ ಇಲ್ಲದಿದ್ದರೂ ಆ ಒದ್ದೆ ರಾಶಿಯೇ ತಂತಿಯ ಬುಡ ತಿನ್ನುತ್ತದೆ. ಬೇಲಿ ಅಗಳ (ತೋಟದ ಸುತ್ತಲಿನ ಕಂದಕ) ದಾಟುವ ಕಡೆ ಜಾಲರಿಯ ಅಡಿ ಸಂದು ಉಳಿದಿದೆಯಾ ನೋಡಿ. ನಾನು ಕಂಡ ತೋಟಗಳಲ್ಲಿ ಹಂದಿ ಮೊದಲು ದಾರಿ ಹುಡುಕುವುದು ಅಲ್ಲೇ. ಅಲ್ಲಿ ನೀರು ಹೋಗುವಷ್ಟು ಬಿಟ್ಟು, ದಪ್ಪ ಕಬ್ಬಿಣದ ಸರಳುಗಳನ್ನು ಗೇಣಿಗಿಂತ ಕಡಿಮೆ ಅಂತರದಲ್ಲಿ ನೆಡಿ. ಮೊದಲ ದೊಡ್ಡ ಮಳೆ ಬಂದ ಮಾರನೇ ದಿನ ಹೋಗಿ ಅಲ್ಲಿ ಸಿಕ್ಕಿಕೊಂಡ ಕಸ ತೆಗೆಯಿರಿ. ಇಲ್ಲದಿದ್ದರೆ ನೀರು ಕಟ್ಟಿ ಪಕ್ಕದ ಮಣ್ಣಿನ ದರೆಯೇ ಕೊಚ್ಚಿ ಹೋಗುತ್ತದೆ.